ಕೊಡ ಎತ್ತಿಸಿ ಸೊಂಟನೋವು ಇಳಿಸಿದ್ದು: ನನ್ನ ಅನುಭವ

ಸೊಂಟನೋವಿನವರ ಕೈಲಿ ಕೊಡ ಎತ್ತಿಸುವ ಫಿಸಿಯೋ ಎಂದು ದಾವಣಗೆರೆಯಲ್ಲಿ ನನ್ನನ್ನು ಗೇಲಿ ಮಾಡಿದವರು ನಮ್ಮ ವೃತ್ತಿಯವರೇ. ಈಗ ಹಳೆಯ ನೋವಿನ ರೋಗಿಗಳನ್ನು ನನ್ನ ಬಳಿಗೆ ಕಳಿಸುತ್ತಿರುವವರೂ ಅವರೇ.

ಕ್ಲಿನಿಕ್ ತೆರೆದಾಗ ನೋವಿನ ಜಾಗಕ್ಕೆ ಸಣ್ಣ ಕರೆಂಟ್ ಕೊಡುವ ಐಎಫ್‌ಟಿ, ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್, ಸೊಂಟ ಎಳೆಯುವ ಟ್ರಾಕ್ಷನ್ ಮಂಚ ಎಂದು ಎರಡು ಲಕ್ಷದ ಆಸುಪಾಸು ಸುರಿದಿದ್ದೆ, ಬಹುಪಾಲು ಸಾಲ. ಯಂತ್ರದ ಕೆಳಗೆ ಮಲಗಿದಷ್ಟು ಹೊತ್ತು ರೋಗಿಗೆ ಹಿತ, ವಾರ ಕಳೆದರೆ ಅದೇ ನೋವು. ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ಹಳೆಯ ಸೊಂಟನೋವಿನವರಿಗೆ ಕೆಳಗೆ ಬಿದ್ದ ಪೆನ್ನು ಎತ್ತಲು ಹೇಳಿ ನೋಡಿ. ಉಸಿರು ಬಿಗಿಹಿಡಿದು, ಬೆನ್ನನ್ನು ಹಲಗೆಯಂತೆ ಸೆಟೆಸಿಕೊಂಡು ಕೂರುತ್ತಾರೆ. ‘ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿದೆ, ಬಾಗಬೇಡಿ’ ಎಂಬ ಮಾತು ಎಂಆರ್‌ಐ ಲಕೋಟೆಯ ಜೊತೆಗೇ ಮನೆಗೆ ಬಂದಿರುತ್ತದೆ. ಆ ಹೆದರಿಕೆಗೆ ಸ್ನಾಯು ದಿನವಿಡೀ ಬಿಗಿ, ರಾತ್ರಿ ನಿದ್ದೆಯಿಲ್ಲ, ನಿದ್ದೆಗೆಟ್ಟ ಮೈಗೆ ನೋವು ಇನ್ನೂ ಜಾಸ್ತಿ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಬಂದ ಸಂಶೋಧನಾ ವಿಮರ್ಶೆಯನ್ನು ನೀವೂ ಓದಿರುತ್ತೀರಿ: ಇಪ್ಪತ್ತರ ವಯಸ್ಸಿನಲ್ಲೇ ಸುಮಾರು ಶೇ 30, ಎಂಬತ್ತರಲ್ಲಿ ಶೇ 84 ಜನರಿಗೆ ಡಿಸ್ಕ್ ಉಬ್ಬಿರುತ್ತದೆ. ರೋಗಿಯ ಸ್ಕ್ಯಾನನ್ನು ಕೈಯಲ್ಲಿ ಹಿಡಿದೇ ಈ ಲೆಕ್ಕ ಹೇಳುತ್ತೇನೆ.

ಕಾಲಿನ ಬಲಹೀನತೆ, ಮೂತ್ರದ ತೊಂದರೆ, ಜ್ವರ ಇದ್ದವರನ್ನು ಮೊದಲೇ ವೈದ್ಯರ ಬಳಿಗೆ ಕಳಿಸಿಬಿಡುತ್ತೇನೆ. ಉಳಿದವರಿಗೆ ಸ್ಟೂಲಿನ ಮೇಲಿನ ಖಾಲಿ ಕೊಡದಿಂದ ಆರಂಭ. ಆಮೇಲೆ ಅದೇ ಕೊಡ ನೆಲಕ್ಕೆ, ಆಮೇಲೆ ಲೀಟರ್ ಲೆಕ್ಕದಲ್ಲಿ ನೀರು. ಎಷ್ಟು ಸಲ ಎತ್ತಬೇಕೆಂದು ಮೊದಲೇ ಗೊತ್ತುಮಾಡಿರಬೇಕು: ನೋವು ಕಡಿಮೆ ಇದ್ದ ದಿನ ಒಂದೂ ಹೆಚ್ಚಿಲ್ಲ, ಹೆಚ್ಚಿದ್ದ ದಿನ ಒಂದೂ ಕಡಿಮೆಯಿಲ್ಲ. ಎತ್ತುವ ಮುನ್ನ ‘ಹತ್ತಕ್ಕೆ ಎಷ್ಟು ನೋಯಬಹುದು?’ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಎಂಟು ಎನ್ನುತ್ತಾರೆ, ಎತ್ತಿದ ಮೇಲೆ ಮೂರೋ ನಾಲ್ಕೋ. ಔಷಧಿ ಇರುವುದು ಆ ಅಂತರದಲ್ಲಿ. ಮೊದಲ ದಿನ ನಾನು ಕೇಳುವ ಇನ್ನೊಂದು ಪ್ರಶ್ನೆಯಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಚನ್ನಗಿರಿ ಕಡೆಯ ತೋಟದವರನ್ನು ಅಡಿಕೆ ದರದ ಮಾತಿಗೆಳೆದು, ಮಾತಿನ ನಡುವೆ ಬಾಗಿಸಿಯೂ ನೋಡಿದೆ. ಸಲೀಸಾಗಿ ಬಾಗಿದರು! ಮಾತು ನಿಂತೊಡನೆ ಬೆನ್ನು ಮತ್ತೆ ಸೆಟೆಯಿತು. ಬಾಗುತ್ತಿದ್ದೇನೆ ಎಂಬ ಅರಿವಿಲ್ಲದಿದ್ದರೆ ಹೆದರಿಕೆ ಕರಗುವುದಿಲ್ಲ. ಗುಂಪು ತರಗತಿಯೂ ಕೈಕೊಟ್ಟಿತು. ಒಬ್ಬರ ಎಂಆರ್‌ಐ ಕಥೆಗೆ ಉಳಿದವರೆಲ್ಲ ಬೆದರಿದರು.

ಹಿಂದೆ ದಿನಕ್ಕೆ 250 ರೂಪಾಯಿಯಂತೆ ಹತ್ತು ದಿನ ಯಂತ್ರ. ಈಗ ಎರಡು ತಿಂಗಳಲ್ಲಿ ಆರೇಳು ಭೇಟಿ, ಭೇಟಿಗೆ 500. ಮೊದಲ ವರ್ಷ ಆದಾಯ ಅರ್ಧಕ್ಕಿಳಿದು ಮನೆಯಲ್ಲಿ ಜಗಳವೇ ಆಯಿತು. ಇಲ್ಲಿಯವರೆಗೆ ಅರವತ್ತು ಎಪ್ಪತ್ತು ಜನರಲ್ಲಿ ಮೂರರಲ್ಲಿ ಎರಡು ಪಾಲು ಕೆಲಸಕ್ಕೆ ಮರಳಿದ್ದಾರೆ. ಅಪಘಾತ ಪರಿಹಾರದ ಮೊಕದ್ದಮೆ ನಡೆಯುತ್ತಿರುವವರಲ್ಲಿ ಮಾತ್ರ ಇದು ನಡೆಯುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಅಂಥವರನ್ನು ಎಬ್ಬಿಸಿ ಓಡಾಡಿಸಿದ್ದರೆ ಹೇಗೆಂದು ಹೇಳಿ.