ಹಾಲಿನ ಕ್ಯಾಲೆಂಡರಿನಲ್ಲಿ ಬೆಕ್ಕಿನ ಲೆಕ್ಕ

ನಮ್ಮ ಬೆಕ್ಕಿನ ಹೆಸರು ಬೂದಿ. 2007ರ ದೀಪಾವಳಿ ಹೊತ್ತಿಗೆ ಯಾರೋ ಬೇಲಿ ಪಕ್ಕ ಬಿಟ್ಟು ಹೋಗಿದ್ದ ಮರಿ. ಬಂದ ದಿನವೇ ಬಚ್ಚಲೊಲೆಯ ಬೆಚ್ಚನೆ ಬೂದಿಯೊಳಗೆ ಹೊಕ್ಕು ಮಲಗಿತು. ಮೈಬಣ್ಣವೂ ಅದೇ. ಹೆಸರು ಹುಡುಕುವ ಕೆಲಸವೇ ಬರಲಿಲ್ಲ. ಒಲೆಯಲ್ಲಿ ಬೆಕ್ಕು ಮಲಗಿದರೆ ಮನೆಗೆ ದರಿದ್ರ ಅಂತ ಅಮ್ಮ ನಾಲ್ಕು ದಿನ ಗೊಣಗಿದಳು. ಐದನೇ ದಿನದಿಂದ ಬೆಂಕಿ ಹಾಕುವ ಮೊದಲು ಕೋಲಿನಲ್ಲಿ ಒಲೆಕಟ್ಟೆ ತಟ್ಟಿ "ಏಳೇ, ಬೆಳಗಾಯ್ತು" ಅನ್ನುತ್ತಿದ್ದವಳೂ ಅವಳೇ.

2024ರ ಆಷಾಢದಲ್ಲಿ ಬೂದಿ ಹೋಯಿತು. ಅದರ ಕೊನೆಯ ಏಳು ತಿಂಗಳು ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ನಮ್ಮೂರಲ್ಲಿ ಹಸುವಿಗೆ ಏನಾದರೂ ಆದರೆ ಬುದ್ಧಿ ಹೇಳಲು ನೂರು ಜನ ಸಿಗುತ್ತಾರೆ. ಮುದಿ ಬೆಕ್ಕಿಗೆ ಹುಷಾರಿಲ್ಲ ಅಂದರೆ ನಗುತ್ತಾರೆ.

ಮೊದಲು ಕಂಡದ್ದು ನೀರು ಕುಡಿಯುವುದು. ಬಚ್ಚಲ ಬಕೆಟ್ಟು, ತುಳಸಿಕಟ್ಟೆಯ ತಂಬಿಗೆ, ಎಲ್ಲಿ ನೀರು ಕಂಡರೂ ಕುಡಿಯುತ್ತಿತ್ತು. ಉಚ್ಚೆಯೂ ಜಾಸ್ತಿ. ಡಿಸೆಂಬರ್ ತಿಂಗಳಲ್ಲಿ ಯಾವ ಸೆಕೆ? ಆದರೂ ನಾವು ಸುಮ್ನೆ ಇದ್ದೆವು. ಆಮೇಲೆ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಬಾಯಿ ವಾಸನೆ ಬಂತು. ದಿನವಿಡೀ ಮೈ ನೆಕ್ಕಿಕೊಳ್ಳುತ್ತಿದ್ದ ಬೆಕ್ಕಿನ ಕೂದಲು ಗಂಟುಗಂಟಾಯಿತು. ಪಕ್ಕದ ಮನೆಯವರು ಜ್ವರ ಇರಬೇಕು, ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಕಿ ಅಂದರು. ಪುಣ್ಯಕ್ಕೆ ಹಾಕುವ ಮೊದಲು ಪಶು ಆಸ್ಪತ್ರೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೌಹಾರಿದರು. ಬೆಕ್ಕಿಗೆ ಆ ಮಾತ್ರೆ ವಿಷ. ಸಣ್ಣ ತುಂಡು ಸಾಕು ಪ್ರಾಣ ಹೋಗಲು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೋಗಲಿಕ್ಕೇ ಸುಮಾರು 70 ಕಿಲೋಮೀಟರ್. ಅಡಿಕೆ ಬುಟ್ಟಿಗೆ ಹಳೇ ಸೀರೆ ಹಾಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿದ್ದೆ. ಆನಂದಪುರದ ತನಕ ಕೂಗಿ, ಆಮೇಲೆ ಸುಮ್ಮನಾಯಿತು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) 3.4 ಬಂತು. ಕಿಡ್ನಿ ಕಾಯಿಲೆಯ ನಾಲ್ಕು ಹಂತಗಳಲ್ಲಿ ಮೂರನೆಯದು. ಮುದಿ ಬೆಕ್ಕುಗಳಿಗೆ ಇದು ತೀರಾ ಸಾಮಾನ್ಯ ಅಂತೆ. ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋಗುವ ತನಕ ಈ ಅಂಕಿ ಏರುವುದೇ ಇಲ್ಲವಂತೆ. ವಾಸಿ ಮಾಡಲಾಗುವುದಿಲ್ಲ, ಇರುವಷ್ಟು ದಿನ ಆರಾಮಾಗಿ ಇಡಬಹುದು ಎಂದರು.

ಆರಾಮಾಗಿ ಇಡುವುದು ಅಂದರೆ ಚರ್ಮದ ಕೆಳಗೆ ಆರ್‌ಎಲ್ ನೀರು (ರಿಂಗರ್ ಲ್ಯಾಕ್ಟೇಟ್, ಸಲೈನ್ ಥರದ್ದು) ಕೊಡುವುದು. ಮೊದಲ ನಾಲ್ಕು ಸಲ ಸಾಗರದ ಡಾಕ್ಟರೇ ಕೊಟ್ಟರು. ನೋಡಿ ಕಲಿತೆ. ದಿನ ಬಿಟ್ಟು ದಿನ 100 ಮಿಲಿಲೀಟರ್. ಇದು ಬೂದಿಯ ತೂಕಕ್ಕೆ ಅವರು ಹೇಳಿದ ಲೆಕ್ಕ. ನಿಮ್ಮ ಬೆಕ್ಕಿಗೆ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಬಾಟಲಿಯನ್ನು ಬಿಸಿನೀರಿನ ಚರಿಗೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು. ಇದು ನನಗೆ ಒಂದು ತಿಂಗಳು ಗೊತ್ತಿರಲಿಲ್ಲ. ತಣ್ಣನೆ ನೀರು ಹೋಗುವಾಗ ಪಾಪ ನಡುಗುತ್ತಿತ್ತು. ಬಾಟಲಿಯನ್ನು ಕಿಟಕಿ ಸರಳಿಗೆ ಬಟ್ಟೆ ಹ್ಯಾಂಗರಿನಲ್ಲಿ ನೇತುಹಾಕುತ್ತಿದ್ದೆ. ಎರಡು ಹೆಗಲ ನಡುವಿನ ಚರ್ಮವನ್ನು ಡೇರೆಯ ಹಾಗೆ ಎತ್ತಿ, ಅದರ ಬುಡಕ್ಕೆ ಸೂಜಿ. ಎತ್ತಿದ ಚರ್ಮದ ಆಚೆ ಬದಿಗೆ ಸೂಜಿ ತೂರಿದರೆ ನೀರೆಲ್ಲ ಕೂದಲ ಮೇಲೆ. ಹೀಗೆ ಎಷ್ಟು ಸಲ ನನ್ನ ಲುಂಗಿ ಒದ್ದೆಯಾಯಿತೋ! ಸರಿಯಾಗಿ ಹೋದರೆ ಬೆನ್ನ ಮೇಲೆ ಒಂಟೆ ಡುಬ್ಬದ ಹಾಗೆ ಉಬ್ಬುತ್ತದೆ. ಆಮೇಲೆ ಆ ಉಬ್ಬು ಮೆಲ್ಲಗೆ ಮುಂಗಾಲಿನ ಕಡೆ ಇಳಿಯುತ್ತದೆ. ಹೆದರಬೇಕಿಲ್ಲ, ರಾತ್ರಿಯೊಳಗೆ ಕರಗುತ್ತದೆ. ಪ್ರತಿ ಸಲ ಹೊಸ ಸೂಜಿ.

ಫೆಬ್ರವರಿಯಿಂದ ಮೇ ತನಕ ಚೆನ್ನಾಗಿಯೇ ಇತ್ತು. ಒಂದು ಇಲಿಯನ್ನೂ ಹಿಡಿಯಿತು. ನಮ್ಮದು ಮೀನು ಮುಟ್ಟದ ಮನೆ. ಆದರೆ ಬಾಯಿಗೆ ಏನೂ ರುಚಿಸದಾಗ ನಾನೇ ಪೇಟೆಯಿಂದ ಬಂಗುಡೆ ತಂದೆ. ಹಿತ್ತಲಾಚೆ ಮೂರು ಕಲ್ಲಿನ ಒಲೆ ಹೂಡಿ, ಉಪ್ಪು ಈರುಳ್ಳಿ ಏನೂ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ ಕೊಡುತ್ತಿದ್ದೆ. ಅಮ್ಮ ಅಷ್ಟು ಹೊತ್ತು ದೇವರ ಕೋಣೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಬೇಡ ಅಂತ ಮಾತ್ರ ಒಂದು ದಿನವೂ ಅನ್ನಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಬೂದಿಯ ತೂಕ 4.2 ಕಿಲೋದಿಂದ 2.6ಕ್ಕೆ ಇಳಿದಿತ್ತು. ಡಾಕ್ಟರು ಮೊದಲ ಸಲ "ಮುಂದಿನ ಯೋಚನೆ ಮಾಡಿಟ್ಟುಕೊಳ್ಳಿ" ಅಂದರು. ಯಾವಾಗ ಅಂತ ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಅವರು ಒಂದು ಅಂಕಪಟ್ಟಿಯ ವಿಷಯ ಹೇಳಿದರು. ಆಲಿಸ್ ವಿಲ್ಲಾಲೊಬೊಸ್ ಎಂಬ ಅಮೆರಿಕದ ಪಶುವೈದ್ಯೆ ಮಾಡಿದ್ದು. ನೋವು, ಹಸಿವು, ಮೈಯಲ್ಲಿ ನೀರಿನ ಅಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಜಾಸ್ತಿ ಇವೆಯಾ ಎಂಬುದು. ಒಟ್ಟು ಏಳು, ಒಂದೊಂದಕ್ಕೂ 10 ಅಂಕ. 35ರ ಮೇಲೆ ಬಂದರೆ ಇನ್ನೂ ನೋಡಿಕೊಳ್ಳಬಹುದು ಅಂತ. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿ ಪಾಸ್ ಮಾರ್ಕ್ಸು! ಆದರೆ ಅಂಕ ಕೊಡುವವನು ನಾನೇ ಅಲ್ವಾ? ಬೂದಿಗೆ ಪ್ರತಿ ವಾರ 36, 37 ಬರುತ್ತಿತ್ತು. ಗ್ರೇಸ್ ಮಾರ್ಕ್ಸ್ ಹಾಕುತ್ತಿದ್ದೇನೆ ಅಂತ ನನಗೂ ಗೊತ್ತಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದದ್ದು ಬೆಕ್ಕಲ್ಲ, ನಾನು.

ಅದಕ್ಕೇ ಅದನ್ನು ಬಿಟ್ಟು ಅಡುಗೆಮನೆ ಕ್ಯಾಲೆಂಡರಿಗೆ ಬಂದೆ. ಮೂರೇ ಪ್ರಶ್ನೆ. ಒಲೆಕಟ್ಟೆ ತಟ್ಟಿದರೆ ಎದ್ದು ಬಂತಾ? ತಾನಾಗಿ ಏನಾದರೂ ತಿಂದಿತಾ? ಮೈ ನೆಕ್ಕಿಕೊಂಡಿತಾ? ಎರಡಕ್ಕೆ ಹೌದು ಅಂದರೆ ಆ ದಿನಕ್ಕೆ ರೈಟ್ ಗುರುತು, ಇಲ್ಲದಿದ್ದರೆ ಇಂಟು. ರಾತ್ರಿ ಮಲಗುವ ಮೊದಲು ಹೆಂಡತಿ ಹಾಕುತ್ತಿದ್ದಳು, ನಾನಲ್ಲ. ಜೂನ್ ತಿಂಗಳಲ್ಲಿ ನಾಲ್ಕು ಇಂಟು ಬಿತ್ತು. ಜುಲೈ ಮೊದಲ 16 ದಿನಗಳಲ್ಲಿ ಹನ್ನೆರಡು.

ಲೆಕ್ಕ ಗೋಡೆ ಮೇಲೆ ಎದ್ದು ಕಾಣುತ್ತಿತ್ತು. ಆದರೂ ಆ ಹದಿನಾರರ ತನಕ ಒಂದು ವಾರ ತಳ್ಳಿದೆ. ಒಂದು ಕಾರಣ ಅಮ್ಮ. "ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ಮಾಡಿಸಿ ಕಾಶೀಲಿ ದಾನ ಕೊಡಬೇಕು ಅಂತಾರೆ. ಕೊಡ್ತೀಯಾ?" ಅಂದಳು. "ಈಗಿನ ರೇಟಿಗೆ ಒಂದು ಕಿವಿ ಮಾಡಿಸಬಹುದು ಅಷ್ಟೇ" ಅಂದೆ. ಅವಳು ನಗಲಿಲ್ಲ. ಅಮ್ಮನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದೂ ಸರಿಯಲ್ಲ. ಅವಳು ಒಪ್ಪಿದ್ದರೂ ನಾನು ಇನ್ನೊಂದು ಕಾರಣ ಹುಡುಕುತ್ತಿದ್ದೆ.

16ರ ರಾತ್ರಿ ಬೂದಿ ಕಾಣಲಿಲ್ಲ. ಜೋರು ಮಳೆ, ಕರೆಂಟಿಲ್ಲ. ಟಾರ್ಚ್ ಹಿಡಿದು ಹುಡುಕಿದೆವು. ಪಕ್ಕದ ಮನೆಯವರು "ಬೆಕ್ಕು ಮನೇಲಿ ಸಾಯಲ್ಲ ಮಾರಾಯ್ರೇ, ಅದರ ಪಾಡಿಗೆ ಬಿಡಿ" ಅಂದರು. ಬೆಳಗಿನ ಜಾವ ಹಳೇ ಕೊಟ್ಟಿಗೆಯಲ್ಲಿ ಸೌದೆ ರಾಶಿಯ ಕೆಳಗೆ ಸಿಕ್ಕಿತು. ಮೈ ಒದ್ದೆ, ತಣ್ಣಗೆ. ಹಿಂಗಾಲು ನಿಲ್ಲುತ್ತಿರಲಿಲ್ಲ. ಡಾಕ್ಟರು ಆಮೇಲೆ ಹೇಳಿದರು: ಮೈಯಲ್ಲಿ ಶಕ್ತಿ ಇಲ್ಲದ ಬೆಕ್ಕು ಬೇರೆ ಪ್ರಾಣಿಗೆ ಸಿಗಬಾರದು ಅಂತ ಅಡಗುತ್ತದೆ. ಅದು ನೆಮ್ಮದಿಗೆ ಹೋದ ಜಾಗ ಅಲ್ಲ, ಹೆದರಿಕೆಗೆ ಹೋದ ಜಾಗ. ಆ ಒಂದು ರಾತ್ರಿ ನಾನು ತಳ್ಳಿದ ವಾರದ ಬೆಲೆ. ಅದನ್ನು ಕೊಟ್ಟದ್ದು ಬೂದಿ.

18ರ ಗುರುವಾರ ಮಧ್ಯಾಹ್ನ ಡಾಕ್ಟರು ಮನೆಗೇ ಬಂದರು. ಎಲ್ಲೋ ಕರು ಹಾಕಿಸಿ ಬಂದವರು, ಗಂಬೂಟ್ಸ್ ಜಗಲಿ ಕೆಳಗೇ ಬಿಟ್ಟರು. ಬರುವ ಮೊದಲು ನಾನು ಮಗಳಿಗೆ ಹೇಳಬೇಕಿತ್ತು. ಅವಳಿಗೆ ಒಂಬತ್ತು ವರ್ಷ. ಮೊದಲು "ಬೂದಿಗೆ ನಿದ್ದೆ ಮಾಡಿಸ್ತಾರೆ" ಅಂದುಬಿಟ್ಟೆ. "ನಾನೂ ರಾತ್ರಿ ನಿದ್ದೆ ಮಾಡ್ತೀನಲ್ಲ ಅಪ್ಪ?" ಅಂದಳು. ತಪ್ಪಾಯಿತು ಅಂತ ಗೊತ್ತಾಗಿ, ಸಾಯುತ್ತೆ, ಮತ್ತೆ ಏಳಲ್ಲ, ನೋವಾಗದ ಹಾಗೆ ಡಾಕ್ಟರು ಇಂಜೆಕ್ಷನ್ ಕೊಡ್ತಾರೆ ಅಂತ ಸರಿಯಾಗಿಯೇ ಹೇಳಿದೆ. ಅತ್ತಳು. ಆಮೇಲೆ ತನ್ನ ಹಳೇ ಸ್ವೆಟರ್ ತಂದು ಕೊಟ್ಟಳು.

ಏನೇನು ಆಗುತ್ತೆ ಅಂತ ಡಾಕ್ಟರು ಮೊದಲೇ ಒಂದೊಂದಾಗಿ ವಿವರಿಸಿದ್ದು ದೊಡ್ಡ ಉಪಕಾರ. ಮೊದಲ ಸೂಜಿ ತೊಡೆಗೆ, ಮಂಪರಿಗೆ. ಹತ್ತು ನಿಮಿಷದಲ್ಲಿ ಬೂದಿಯ ತಲೆ ನನ್ನ ಅಂಗೈಯಲ್ಲಿ ಭಾರವಾಯಿತು. ಎರಡನೆಯದು ಮುಂಗಾಲಿನ ರಕ್ತನಾಳಕ್ಕೆ, ಅರಿವಳಿಕೆ ಔಷಧಿಯೇ, ಆದರೆ ಹೃದಯ ನಿಲ್ಲುವಷ್ಟು. ಕಣ್ಣು ಮುಚ್ಚುವುದಿಲ್ಲ. ಒಂದೆರಡು ಸಲ ಉಸಿರು ಎಳೆದ ಹಾಗೆ ಆಗಬಹುದು, ಮೀಸೆ ಅದುರಬಹುದು, ಉಚ್ಚೆ ಹೋಗಬಹುದು. ಇದೆಲ್ಲ ಜೀವ ಹೋದ ಮೇಲೂ ಮೈ ಮಾಡುವ ಕೆಲಸ. ಕೆಳಗೆ ದಪ್ಪ ಟವಲ್ ಹಾಸಿಡಿ. ಮೊದಲೇ ಕೇಳಿರದಿದ್ದರೆ ಆ ಒಂದು ಉಸಿರಿಗೆ ನಾನು ಜೀವಮಾನ ಹೆದರುತ್ತಿದ್ದೆ.

ಎರಡನೇ ಸೂಜಿಗೆ ಮುಂಚೆ ಅಮ್ಮ ಬಂದಳು. ಕೈಯಲ್ಲಿ ಗಂಗಾಜಲದ ತಾಮ್ರದ ಗಿಂಡಿ. 1998ರಲ್ಲಿ ಅಪ್ಪನ ಜೊತೆ ಕಾಶಿಗೆ ಹೋದಾಗ ಎರಡು ತಂದಿದ್ದರು. ಅಪ್ಪ ಹೋದಾಗ ಒಂದನ್ನು ಒಡೆದಿದ್ದೆವು. ಇನ್ನೊಂದು ಅವಳದ್ದು. ಬೆಸುಗೆ ಆಗಲೇ ಕಿತ್ತಿತ್ತು.

"ಅಮ್ಮಾ, ಅದು ನಿಂದಲ್ವಾ?"

"ಬೆಕ್ಕು ಎಷ್ಟು ಕುಡಿದೀತು? ನಂಗೂ ಉಳಿಯತ್ತೆ" ಅಂದವಳೇ ತುಳಸಿ ಎಲೆ ಅದ್ದಿ ಅದರ ತುಟಿಗೆ ಮುಟ್ಟಿಸಿದಳು.

ಹೂಳುವ ವಿಷಯ. ಕೆಲವೇ ಗಂಟೆಗಳಲ್ಲಿ ಮೈ ಸೆಡೆತುಕೊಳ್ಳುತ್ತದೆ. ಹಾಗಾಗಿ ಆಗಲೇ ಮಲಗುವ ಹಾಗೆ ಸುರುಳಿ ಮಾಡಿ ಸ್ವೆಟರಿನಲ್ಲಿ ಸುತ್ತಿದೆವು. ಪ್ಲಾಸ್ಟಿಕ್ ಬೇಡ. ಗುಂಡಿ ಮೂರು ಅಡಿಗಿಂತ ಕಮ್ಮಿ ಇರಬಾರದು. ಆ ಔಷಧಿ ಮೈಯಲ್ಲೇ ಉಳಿದಿರುತ್ತದೆ, ನಾಯಿ ನರಿ ಅಗೆದು ತಿಂದರೆ ಅವೂ ಸಾಯಬಹುದು. ಬಾವಿಯಿಂದ ದೂರ, ದಿಬ್ಬದ ಮೇಲೆ, ಸಂಪಿಗೆ ಮರದ ಹತ್ತಿರ ತೋಡಿದೆ. ಎರಡು ಅಡಿಗೇ ನೀರು ಜಿನುಗಿತು. ಜಾಗ ಬದಲಿಸಿ ಇನ್ನೂ ಮೇಲೆ ಹೋಗಬೇಕಾಯಿತು. ಮಳೆಗಾಲದಲ್ಲಿ ಮುದಿ ಬೆಕ್ಕು ಇರುವವರು ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ಹೆಣ ಜಗಲಿಯಲ್ಲಿಟ್ಟು ಎರಡನೇ ಗುಂಡಿ ತೋಡುವುದಿದೆಯಲ್ಲ, ಅದು ಬೇಡ. ಮಣ್ಣು ಮುಚ್ಚಿದ ಮೇಲೆ ಹಳೇ ಬಟ್ಟೆ ಒಗೆಯುವ ಕಲ್ಲನ್ನು ಎಳೆದು ತಂದು ಮೇಲೆ ಹಾಕಿದೆ.

ಒಡೆಯದ ಆರ್‌ಎಲ್ ಬಾಟಲಿ ಎರಡು ಉಳಿದಿದ್ದವು. ಡಾಕ್ಟರಿಗೆ ಕೊಟ್ಟೆ. ಬಳಸಿದ ಸೂಜಿಗಳ ಡಬ್ಬಿಯನ್ನೂ ಅವರೇ ಒಯ್ದರು.

ಆಗಸ್ಟ್ ಮೊದಲ ವಾರ ಹಾಲಿನವನು ದಾರಿಯಲ್ಲಿ ನಿಲ್ಲಿಸಿದ. "ಮಳೆ ಅಂತ ಒಂದು ದಿನಾನೂ ತಪ್ಪಿಸಿಲ್ಲ ನಾನು. ಹೋದ ತಿಂಗಳು ಅಮ್ಮ ನಾಲ್ಕು ದಿನದ ದುಡ್ಡು ಹಿಡಿದ್ರು, ಈ ಸಲ ಹನ್ನೆರಡು ದಿನದ್ದು ಹಿಡಿದಿದಾರೆ. ಕ್ಯಾಲೆಂಡರಲ್ಲಿ ಇಂಟು ಹಾಕಿದೆ ಅಂತಾರೆ" ಅಂದ. ನಮ್ಮಲ್ಲಿ ಹಾಲು ತೆಗೆದುಕೊಳ್ಳುವುದು ಹೆಂಡತಿ, ತಿಂಗಳ ಲೆಕ್ಕ ನೋಡುವುದು ಅಮ್ಮ. ಹದಿನಾರು ದಿನದ ದುಡ್ಡನ್ನು ಅಲ್ಲೇ ಎಣಿಸಿ ಕೊಟ್ಟೆ.