ಕಾನೂನಿನಲ್ಲಿ ಹೆಣ್ಣು ಯಾರು, ಗಂಡು ಯಾರು: ವ್ಯಾಖ್ಯೆ ಓದುವ ಕ್ರಮ

ಟಿ.ವಿ. ಚರ್ಚೆಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಕಾನೂನಿನ ಪ್ರಕಾರ ಹೆಣ್ಣು ಯಾರು?’ ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕಾಯ್ದೆ, ಯಾವ ಉದ್ದೇಶಕ್ಕೆ ಎಂದು ಕೇಳಬೇಕು.

ಮೊದಲು ಕಾಯ್ದೆಯ ಪೂರ್ಣ ಪಠ್ಯ ಇಳಿಸಿಕೊಳ್ಳಿ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೈಯಲ್ಲಿರುವುದು ತಿದ್ದುಪಡಿ ಸೇರಿದ ಪ್ರತಿಯೇ ಎಂದು ನೋಡಿಕೊಳ್ಳಿ. ಹಳೇ ಪ್ರತಿ ಹಿಡಿದು ಜಗಳಕ್ಕಿಳಿಯುವವರು ಕಡಿಮೆಯೇನಿಲ್ಲ.

ನಂತರ ವ್ಯಾಖ್ಯೆಗೆ ಬನ್ನಿ. ನಮ್ಮ ಕಾಯ್ದೆಗಳಲ್ಲಿ ಅದು ಸಾಮಾನ್ಯವಾಗಿ 2ನೇ ಕಲಮಿನಲ್ಲಿರುತ್ತದೆ. ‘ಎಂದರೆ’ ಎಂದಿದ್ದರೆ ಅಲ್ಲಿ ಹೇಳಿದ್ದಷ್ಟೇ; ‘ಒಳಗೊಳ್ಳುತ್ತದೆ’ ಎಂದಿದ್ದರೆ ವ್ಯಾಪ್ತಿ ಹಿಗ್ಗುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಅಂಗೀಕಾರವಾದಾಗ ‘ಟ್ರಾನ್ಸ್‌ಜೆಂಡರ್ ವ್ಯಕ್ತಿ’ ಯಾರೆಂದು ಹೇಳುವ ಅದರ 2(ಕೆ) ಉಪಖಂಡದಲ್ಲಿ ಈ ಎರಡೂ ಪದಗಳಿದ್ದವು. ಹುಟ್ಟಿದಾಗ ನಮೂದಾದ ಲಿಂಗತ್ವಕ್ಕೆ ಹೊಂದದವರು ಎಂಬುದು ಮೊದಲರ್ಧ. ಟ್ರಾನ್ಸ್ ಪುರುಷ, ಟ್ರಾನ್ಸ್ ಮಹಿಳೆ, ಅಂತರಲಿಂಗಿಗಳು, ಹಿಜ್ರಾ, ಕಿನ್ನರ್, ಅರವಾಣಿ, ಜೋಗತಾ ಎಂಬ ಸಾಂಪ್ರದಾಯಿಕ ಸಮುದಾಯಗಳವರು ಇವರೆಲ್ಲ ಎರಡನೆಯ ಅರ್ಧದಲ್ಲಿದ್ದರು. ಅಂತರಲಿಂಗಿ ಎಂಬುದು ದೇಹರಚನೆಯ ವಿಷಯ: ಹುಟ್ಟಿನಿಂದಲೇ ದೇಹದ ಲಿಂಗಲಕ್ಷಣಗಳು ಗಂಡು ಅಥವಾ ಹೆಣ್ಣಿನ ರೂಢಿಯ ಮಾದರಿಗೆ ಪೂರ್ತಿ ಹೊಂದದವರು. ಮೊದಲರ್ಧವನ್ನಷ್ಟೇ ಓದಿದವರು ಅವರನ್ನು ಹೊರಗಿಟ್ಟುಬಿಡುತ್ತಾರೆ. ದೇಹ ಮತ್ತು ಗುರುತು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇ ತಪ್ಪು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿದೆ.

ಮೂರನೆಯದಾಗಿ, ಗುರುತನ್ನು ಒಪ್ಪುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಹುಡುಕಿ. ನಿಜವಾದ ವಾದ ನಡೆಯುವುದು ಇಲ್ಲೇ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಲಿಂಗತ್ವ ಗುರುತನ್ನು ಒಪ್ಪಲು ಸುಪ್ರೀಂ ಕೋರ್ಟು ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. 2019ರ ಮೂಲಪಠ್ಯದ 4ನೇ ಕಲಂ ಸ್ವಯಂ ಗ್ರಹಿಸಿದ ಗುರುತಿನ ಹಕ್ಕು ಕೊಟ್ಟಿತು. 5 ಮತ್ತು 6ನೇ ಕಲಮುಗಳು ಪ್ರಮಾಣಪತ್ರಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಿದವು. 7ನೇ ಕಲಮಿನಲ್ಲಿ ‘ಗಂಡು’ ಅಥವಾ ‘ಹೆಣ್ಣು’ ಎಂದು ಬರೆಸಿಕೊಳ್ಳಲು ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪ್ರಮಾಣಪತ್ರ ಬೇಕಾಯಿತು. 4ನ್ನೂ 7ನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ನ್ಯಾಯಾಲಯ ಮತ್ತು ಸಂಸತ್ತಿನ ನಡುವಿನ ಅಂತರ ಕಾಣುತ್ತದೆ.

ವ್ಯಾಖ್ಯೆಯಿಂದ ಏನು ಬದಲಾಗುತ್ತದೆ ಎಂದು ತಿಳಿಯಲು ಶಿಕ್ಷೆಯ ಕಲಂ ನೋಡಿ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಅತ್ಯಾಚಾರದ ಸಂತ್ರಸ್ತೆ ‘ಮಹಿಳೆ’. 64ರಲ್ಲಿ ಶಿಕ್ಷೆ ಕನಿಷ್ಠ 10 ವರ್ಷ. 2019ರ ಕಾಯ್ದೆಯ 18ನೇ ಕಲಂ ಅಂಗೀಕಾರವಾದ ರೂಪದಲ್ಲಿ ಟ್ರಾನ್ಸ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 6 ತಿಂಗಳಿಂದ 2 ವರ್ಷವಷ್ಟೇ ವಿಧಿಸಿತು. ಟ್ರಾನ್ಸ್ ಮಹಿಳೆ 63ರ ‘ಮಹಿಳೆ’ಯೊಳಗೆ ಬರುತ್ತಾಳೋ ಇಲ್ಲವೋ ಎಂಬುದರ ಮೇಲೆ ಇಷ್ಟು ವ್ಯತ್ಯಾಸ.

ವಿದೇಶದ ತೀರ್ಪನ್ನು ಇಲ್ಲಿಗೆ ಎಳೆದು ತರುವಾಗ ಎಚ್ಚರ. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ‘ಮಹಿಳೆ’ ಎಂದರೆ ಜೈವಿಕ ಲಿಂಗದಿಂದ ಮಹಿಳೆಯಾದವಳು ಎಂದದ್ದು 2010ರ ಸಮಾನತಾ ಕಾಯ್ದೆಯ ಮಟ್ಟಿಗೆ. ಅಲ್ಲಿನ 2004ರ ಲಿಂಗತ್ವ ಮಾನ್ಯತಾ ಕಾಯ್ದೆಯ 9(1)ನೇ ಕಲಂ, ಲಿಂಗತ್ವ ಬದಲಾವಣೆಯನ್ನು ಒಪ್ಪುವ ಪ್ರಮಾಣಪತ್ರ ‘ಎಲ್ಲ ಉದ್ದೇಶಗಳಿಗೂ’ ಸಲ್ಲುತ್ತದೆ ಎನ್ನುತ್ತದೆ. ಆದರೆ 9(3) ಬೇರೆ ಕಾಯ್ದೆಗಳಿಗೆ ವಿನಾಯಿತಿ ಬಿಡುತ್ತದೆ. ತೀರ್ಪಿಗೆ ದಾರಿಯಾದದ್ದು ಆ ವಿನಾಯಿತಿ. ಟ್ರಾನ್ಸ್ ವ್ಯಕ್ತಿಗಳಿಗೆ ಅದೇ ಸಮಾನತಾ ಕಾಯ್ದೆಯ 7ನೇ ಕಲಂ ಕೊಡುವ ರಕ್ಷಣೆ ಹಾಗೇ ಉಳಿದಿದೆ ಎಂಬುದನ್ನು ಸುದ್ದಿ ಶೀರ್ಷಿಕೆಗಳು ಹೇಳುವುದಿಲ್ಲ.

ಪದಕ್ಕೆ ವ್ಯಾಖ್ಯೆಯೇ ಇಲ್ಲದಿದ್ದರೆ ತೀರ್ಪುಗಳನ್ನು ಹುಡುಕಿ. ಹಿಂದೂ ವಿವಾಹ ಕಾಯ್ದೆಯ ‘ವಧು’ ಅಂಥದ್ದು. ಅದರಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದು 2019ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿದೆ. ಕರ್ನಾಟಕದ ನ್ಯಾಯಾಲಯಗಳಲ್ಲಿ ಇದನ್ನು ಉಲ್ಲೇಖಿಸಬಹುದು, ಆದರೆ ಅವು ಒಪ್ಪಲೇಬೇಕೆಂದಿಲ್ಲ.