ಆ್ಯಸಿಡ್ ಇಲ್ಲದೆ ಎದೆಹಾಲಿನ ಸೀಸ ಅಳೆದ ಕಥೆ

ಎದೆಹಾಲನ್ನು ಆ್ಯಸಿಡ್‌ನಲ್ಲಿ ಬೇಯಿಸದೆ ನೇರ ಐಸಿಪಿ-ಎಂಎಸ್ ಅನ್ನೋ ಲೋಹ ಅಳೆಯುವ ಯಂತ್ರಕ್ಕೆ ಬಿಡುತ್ತೇನೆ ಅಂದಾಗ ಲ್ಯಾಬಿನಲ್ಲಿ ಎಲ್ಲರೂ ನಕ್ಕರು. ಕೊಬ್ಬಿನಿಂದ ದ್ರಾವಣವನ್ನು ತುಂತುರು ಮಾಡುವ ನೆಬ್ಯುಲೈಸರ್ ಕಟ್ಟಿಕೊಳ್ಳುತ್ತೆ, ಯಂತ್ರದ ಬಾಯಲ್ಲಿರುವ ಕೋನ್ ಮೇಲೆ ಮಸಿ ಕೂರುತ್ತೆ ಅಂದರು. ಎರಡೂ ಆಯಿತು, ಸುಳ್ಳು ಹೇಳಲ್ಲ. ಆದರೆ ಮೂರನೇ ವರ್ಷ ಸೀಸ ಎಷ್ಟಿದೆ ಅಂತ ಮೊದಲೇ ಖಚಿತಪಡಿಸಿದ ಸರ್ಟಿಫೈಡ್ ಹಾಲಿನಪುಡಿಯಲ್ಲಿ ಆ ಸೀಸದ ಶೇಕಡಾ 95ರ ಹತ್ತಿರ ನನ್ನ ಅಳತೆಗೆ ಸಿಕ್ಕಿತು. ಆಮೇಲೆ ನಗು ನಿಂತಿತು.

ಮೊದಲು ನಾನೂ ಹಾಲನ್ನು ಮೈಕ್ರೋವೇವ್‌ನಲ್ಲಿ ಆ್ಯಸಿಡ್ ಹಾಕಿ ಬೇಯಿಸುವ ದಾರಿಯನ್ನೇ ಹಿಡಿದಿದ್ದೆ. ನೈಟ್ರಿಕ್ ಆ್ಯಸಿಡ್, ಹೈಡ್ರೋಜನ್ ಪೆರಾಕ್ಸೈಡ್, ಎಲ್ಲರೂ ಮಾಡುವುದೇ. ನನ್ನನ್ನು ಸೋಲಿಸಿದ್ದು ಬ್ಲ್ಯಾಂಕ್, ಅಂದರೆ ಹಾಲೇ ಹಾಕದೆ ಬರೀ ಕೆಮಿಕಲ್‌ಗಳನ್ನು ಅಳೆದಾಗ ಬರುವ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ 1989ರ ವರದಿ ಪ್ರಕಾರ ಎದೆಹಾಲಿನಲ್ಲಿ ಸೀಸ ಸಾಮಾನ್ಯವಾಗಿ ಲೀಟರಿಗೆ 2ರಿಂದ 5 ಮೈಕ್ರೋಗ್ರಾಂ. ನನ್ನ ಬ್ಲ್ಯಾಂಕೇ ಒಂದೂವರೆ ತೋರಿಸುತ್ತಿತ್ತು, ಒಮ್ಮೊಮ್ಮೆ ಮೂರು. ಇನ್ನು ಅಳೆಯೋದೇನು ಮಣ್ಣು? ಅತಿ ಶುದ್ಧ ಆ್ಯಸಿಡ್ ತರಿಸಿದೆ. ಆ ವರ್ಷದ ಕೆಮಿಕಲ್ ದುಡ್ಡಿನಲ್ಲಿ ಅರ್ಧ ಅದಕ್ಕೇ ಹೋಯಿತು. ಬ್ಲ್ಯಾಂಕ್ ಇಳಿದದ್ದು ಅಷ್ಟಕ್ಕಷ್ಟೇ.

ಆಗ ಅಮೋನಿಯಾ ಹಿಡಿದೆ. ಜೊತೆಗೆ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ, ಕೊಬ್ಬು ಕರಗಿಸುವ ಸೋಪಿನಂಥ ಟ್ರೈಟಾನ್, ಸ್ವಲ್ಪ ಬ್ಯುಟನಾಲ್ ಅನ್ನೋ ಆಲ್ಕೋಹಾಲ್. ಅರ್ಧ ಎಂಎಲ್ ಹಾಲಿಗೆ ಒಟ್ಟು 10 ಎಂಎಲ್. ಇಡಿಟಿಎ ಕಡಿಮೆಯಾಗಿ ಮೊದಲ ವಾರ ಕ್ಯಾಲ್ಸಿಯಂ ಫಾಸ್ಫೇಟ್ ಬೆಳ್ಳಗೆ ತಳ ಸೇರಿತು. ಎರಡು ತಿಂಗಳಲ್ಲಿ ಒಂದು ಜೊತೆ ಕೋನ್ ಹಾಳಾಯಿತು, ಅದರ ಬೆಲೆ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಬೈಸಿಕೊಂಡೆ. ಆರ್ಸೆನಿಕ್ ಬೇರೆ ಸುಮ್ನೆ ಏರುತ್ತಿತ್ತು. ಹಾಲಿನ ಕಾರ್ಬನ್ ಅದರ ಸಿಗ್ನಲ್ ಉಬ್ಬಿಸುತ್ತೆ, ಅಲ್ವಾ? ಕಾರ್ಬನ್ ಇರುವ ಬ್ಯುಟನಾಲನ್ನು ಸ್ಟ್ಯಾಂಡರ್ಡ್‌ಗಳಿಗೂ, ಅಂದರೆ ಹೋಲಿಸಲು ಇಟ್ಟ ಗೊತ್ತಿರುವ ಅಳತೆಯ ದ್ರಾವಣಗಳಿಗೂ, ಅಷ್ಟೇ ಹಾಕಿದ ಮೇಲೆ ಸರಿಹೋಯಿತು. ಯಾವುದನ್ನು ಮೊದಲು ಸುರಿಯಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ನನಗೆ ಎಂಟು ತಿಂಗಳು ಹಿಡಿದಿದೆ, ನೀವೂ ಸ್ವಲ್ಪ ಒದ್ದಾಡಿ.

ಇಷ್ಟಾದ ಮೇಲೂ ಒಬ್ಬ ತಾಯಿಯ ಹಾಲಿನಲ್ಲಿ ಸೀಸ ಲೀಟರಿಗೆ 30 ಮೈಕ್ರೋಗ್ರಾಂ ಮೇಲೆ ಬಂತು. ಆಕೆಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 2 ಮೈಕ್ರೋಗ್ರಾಂ ಆಸುಪಾಸು, ಅಂದರೆ ಲೀಟರಿಗೆ 20. ರಕ್ತದಲ್ಲಿರುವುದರ ಸಣ್ಣ ಪಾಲು ಮಾತ್ರ ಹಾಲಿಗೆ ಇಳಿಯುತ್ತದೆ. ಹಾಗಿದ್ದ ಮೇಲೆ ಹಾಲು ರಕ್ತವನ್ನೇ ಮೀರಿದ್ದು ಹೇಗೆ? ಆಕೆ ಆಗಲೇ "ಮಗೂಗೆ ಹಾಲು ಕೊಡೋದು ನಿಲ್ಲಿಸ್ಲಾ?" ಅಂತ ಕೇಳಿದ್ದರು. ನನ್ನ ಎದೆ ಧಸಕ್ಕೆಂದಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2010ರ ಮಾರ್ಗಸೂಚಿಯಲ್ಲಿ ಕೂಡ ನಿಲ್ಲಿಸುವ ಮಾತು ಬರುವುದು ತಾಯಿಯ ರಕ್ತದಲ್ಲಿ ಡೆಸಿಲೀಟರಿಗೆ 40 ಮುಟ್ಟಿದಾಗ. ಅದಕ್ಕಿಂತ ಕಡಿಮೆ ಇದ್ದು ಸ್ವಲ್ಪ ಏರಿದ್ದರೆ ಮಗುವಿನ ರಕ್ತವನ್ನು ನೋಡುತ್ತಾ ಹಾಲು ಕೊಡಿ ಅನ್ನುತ್ತದೆ. ನನ್ನ ಒಂದು ಕೆಟ್ಟ ಅಂಕಿಯಿಂದ ಒಂದು ಮಗುವಿನ ಹಾಲು ತಪ್ಪುತ್ತಿತ್ತು.

ಕೊನೆಗೆ ಸಿಕ್ಕಿದ್ದು ಮೊಲೆತೊಟ್ಟಿನ ಬಿರುಕಿಗೆ ಹಚ್ಚಿದ್ದ ಜಿಂಕ್ ಆಕ್ಸೈಡ್ ಮುಲಾಮು. ಚೆನ್ನಾಗಿ ತೊಳೆದು ಮತ್ತೆ ಹಾಲು ತೆಗೆದರೆ 2 ಚಿಲ್ಲರೆ. ಅಂದಿನಿಂದ ಪ್ರತಿ ತಾಯಿಯ ಪಂಪ್ ಮೂಲಕ ಮೊದಲು ಶುದ್ಧ ನೀರು ಬಿಟ್ಟು ಒಂದು ಟ್ಯೂಬ್ ತುಂಬಿಸುತ್ತೇನೆ. ಅದಕ್ಕೆ ನಾವಿಟ್ಟ ಹೆಸರು ಸುಳ್ಳು ಹಾಲು. ಅದರಲ್ಲಿ 0.3 ದಾಟಿದರೆ ಆ ತಾಯಿಯ ಹಾಲನ್ನು ಮುಟ್ಟೋದೇ ಇಲ್ಲ. ಟ್ಯೂಬುಗಳು ಶೇಕಡಾ 10 ನೈಟ್ರಿಕ್‌ನಲ್ಲಿ ಎರಡು ರಾತ್ರಿ ನೆನೆಯುತ್ತವೆ.

ಈ ನಡುವೆ ಕ್ಯಾಡ್ಮಿಯಂ ಹಿಂದೆ ಒಂದು ತಿಂಗಳು ಅಲೆದೆ. ಕಳ್ಳ ಯಾರು ಅಂದರೆ ದ್ರಾವಣ ಎಳೆಯುವ ಪಿಪೆಟ್‌ನ ಹಳದಿ ಪ್ಲಾಸ್ಟಿಕ್ ತುದಿ! ಬಣ್ಣವಿಲ್ಲದ್ದು ಹಾಕಿದ ದಿನವೇ ಮಾಯ. ಫ್ರೀಜರಿನಿಂದ ತೆಗೆದ ಹಾಲಿನ ಕೊಬ್ಬು ಗೋಡೆಗೆ ಅಂಟುತ್ತೆ ಅಂತ 37 ಡಿಗ್ರಿಗೆ ಬಿಸಿ ಮಾಡಿ ಕುಲುಕಿಯೂ ನೋಡಿದೆ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಅರ್ಧಕ್ಕಿಳಿಯಿತು. ಪಾದರಸ ಇನ್ನೂ ಕಾಡುತ್ತಿದೆ. ಅದನ್ನು ಹಿಡಿದಿಡಲು ಚಿನ್ನದ ದ್ರಾವಣ ಹಾಕಿದರೂ ನಳಿಕೆಗೆ ಅಂಟಿಕೊಂಡು ಮುಂದಿನ ಸ್ಯಾಂಪಲ್‌ನಲ್ಲಿ ಇಣುಕುತ್ತೆ.

ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಹೋದ ವಾರ ಬಂದು ನೆನೆಸಿಟ್ಟ ಟ್ಯೂಬ್ ಒಂದು ನೂರು ಸಾಲ ಕೇಳಿದರು. ಐವತ್ತು ಕೊಟ್ಟೆ.